ಉಳಿದ ತಾಯಿ, ಉಳಿಸಿದ ಗ್ರಂಥ

ಸೈದಾಪುರದಂತಹ ಊರಿನಲ್ಲಿ ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಸೂರ್ಯಾಸ್ತಕ್ಕೆ ಮೊದಲೇ ಮನೆಯ ಮಕ್ಕಳಿಗೆ ಊಟ ಬಡಿಸುವ ಶ್ರಾವಕಿಯ ಮನದಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ‘ಊರ ಮಕ್ಕಳಿಗೆ ಅಕ್ಷರ ಕಲಿಸಿದೆ, ಹೆತ್ತ ಮಕ್ಕಳಿಗೆ ಧರ್ಮವನ್ನು ಕೊಟ್ಟೆನೇ?’ ಈ ಪ್ರಶ್ನೆಗೆ ಸಾವಿರ ವರ್ಷಗಳ ಹಿಂದೆಯೇ ಒಬ್ಬ ತಾಯಿ ತನ್ನ ಬಾಳಿನಿಂದ ಉತ್ತರ ಕೊಟ್ಟಿದ್ದಾಳೆ. ಆಕೆಯೇ ದಾನಚಿಂತಾಮಣಿ ಅತ್ತಿಮಬ್ಬೆ.

ಸೈದಾಪುರದಿಂದ ಉತ್ತರಕ್ಕೆ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಆ ವಂಶದ ಮೂರನೆಯ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಪಡೆದವನು ಕವಿ ಪೊನ್ನ. ಹದಿನಾರನೆಯ ತೀರ್ಥಂಕರರ ಚರಿತೆಯಾದ ‘ಶಾಂತಿಪುರಾಣ’ವನ್ನು ಅವನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ ಮತ್ತು ಅವನ ಸೋದರ ಪುನ್ನಮಯ್ಯ.

ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ ಇಬ್ಬರೂ ಚಾಲುಕ್ಯರ ದಂಡನಾಯಕ ನಾಗದೇವನ ಕೈಹಿಡಿದರು. ನಾಗದೇವ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು. ತಂಗಿಯ ಪ್ರೇಮ ಸಣ್ಣದೆಂದು ಯಾರೂ ಹೇಳಲಾರರು. ಆದರೆ ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪುಣ್ಯವೆಂದು ಬಗೆದು ಬೆಂಕಿಗೆ ಬೀಳುವುದನ್ನು ಲೋಕಮೂಢತೆಗಳಲ್ಲಿ ಎಣಿಸಿದ್ದಾರೆ. ಲೋಕ ಮೆಚ್ಚುವುದೆಲ್ಲ ಧರ್ಮವಲ್ಲ, ವಿವೇಕವಿದ್ದಲ್ಲಿಯೇ ಸಮ್ಯಗ್ದರ್ಶನ. ಒಂದು ಕ್ಷಣದಲ್ಲಿ ಸಾಯುವುದಕ್ಕಿಂತ, ದುಃಖವನ್ನು ಹೊತ್ತು ದಿನದಿನವೂ ಬದುಕಿ ಮಗುವನ್ನು ಬೆಳೆಸುವುದು ಕಠಿಣವಾದ ತಪಸ್ಸು.

ಉಳಿದ ಆ ಬಾಳು ಏನು ಮಾಡಿತು? ತಂದೆ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಕಾಲವದು, ತಾಳೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕೈಯಿಂದಲೇ ಕೊರೆಯಬೇಕಿತ್ತು. ಆಕೆಯ ಆಶ್ರಯದಲ್ಲಿ ರನ್ನ ಕವಿ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ. 1007ರಲ್ಲಿ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಒಬ್ಬ ಮಗನಿಗಾಗಿ ಉಳಿದವಳು ನಾಡಿಗೇ ತಾಯಿಯಾದಳು.

ಜೈನಧರ್ಮ ಗೃಹಸ್ಥರಿಗೆ ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳಿದೆ. ತಾಯಿಯಾದವಳು ಇವನ್ನು ನಿತ್ಯವೂ ಮಾಡುತ್ತಾಳೆ. ಉಣಿಸುವುದು ಆಹಾರದಾನ. ಜ್ವರ ಬಂದಾಗ ರಾತ್ರಿಯೆಲ್ಲ ಎಚ್ಚರವಿದ್ದು ಮದ್ದು ಕೊಡುವುದು ಔಷಧದಾನ. ‘ಹೆದರಬೇಡ, ನಾನಿದ್ದೇನೆ’ ಎಂಬ ಮಾತು ಅಭಯದಾನ. ಉಳಿದುದು ಶಾಸ್ತ್ರದಾನ. ಇಲ್ಲಿಯೇ ತಾಯಿ ಮತ್ತು ಶಿಕ್ಷಕಿ ಒಂದಾಗುತ್ತಾರೆ.

ತಾಳೆಗರಿಯ ಲಿಪಿಕಾರ ಎದುರಿಗಿದ್ದ ಮೂಲಪ್ರತಿಯನ್ನು ನೋಡಿ ಬರೆಯುತ್ತಿದ್ದ. ಮೂಲದಲ್ಲಿ ತಪ್ಪಿದ್ದರೆ ಪ್ರತಿಯಲ್ಲೂ ತಪ್ಪು. ಮಕ್ಕಳಿಗೆ ಮೂಲಪ್ರತಿ ಮನೆಯ ಹಿರಿಯರ ನಡತೆ. ನೀರನ್ನು ಸೋಸಿ ಕುಡಿಯುವ ತಾಯಿಯನ್ನು ಕಂಡ ಮಗು, ಕಾಣದ ಜೀವಕ್ಕೂ ಬೆಲೆಯಿದೆಯೆಂದು ಕಲಿಯುತ್ತದೆ. ಅದೇ ತಾಯಿ ಮನೆಗೆಲಸದವಳನ್ನು ಗದರಿದರೆ, ಅಹಿಂಸೆ ನೀರಿಗಷ್ಟೇ ಎಂದೂ ಕಲಿಯುತ್ತದೆ. ಧರ್ಮವನ್ನು ಕೊಟ್ಟೆನೇ ಎಂದು ಕೇಳಿಕೊಳ್ಳುವ ತಾಯಿ, ಮಕ್ಕಳು ಎಷ್ಟು ಸ್ತೋತ್ರ ಕಂಠಪಾಠ ಮಾಡಿದರೆಂದು ಎಣಿಸಬೇಕಿಲ್ಲ. ತನ್ನ ದಿನಚರಿಯನ್ನು ಒಮ್ಮೆ ತಿದ್ದಿ ನೋಡಿಕೊಂಡರೆ ಸಾಕು.

ಜ್ಯೇಷ್ಠ ಶುಕ್ಲ ಪಂಚಮಿ ಶ್ರುತಪಂಚಮಿ; ಷಟ್‌ಖಂಡಾಗಮ ಗ್ರಂಥರೂಪ ತಾಳಿದುದನ್ನು ನೆನೆದು ಜಿನವಾಣಿಯನ್ನು ಪೂಜಿಸುವ ದಿನ. ಅಂದು ಗ್ರಂಥಕ್ಕೆ ಹೂವೇರಿಸುವುದರ ಜೊತೆಗೆ, ಓದುವ ಆಸೆಯಿದ್ದೂ ಪುಸ್ತಕ ಕೊಳ್ಳಲಾಗದ ನೆರೆಯ ಮಗುವಿನ ಕೈಗೆ, ಅದು ಯಾವ ಕುಲದ್ದೇ ಆಗಿರಲಿ, ಮಕ್ಕಳಿಂದಲೇ ಒಂದು ಪುಸ್ತಕ ಕೊಡಿಸಿದರೆ ಅತ್ತಿಮಬ್ಬೆಯ ದಾನ ಆ ಮನೆಯಲ್ಲಿ ಮುಂದುವರಿಯುತ್ತದೆ.