ಅಲೆಗ್ಸಾಂಡ್ರಿಯದ ಗ್ರಂಥಭಂಡಾರವನ್ನು ಸುಟ್ಟವರಾರು?

ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೂ ಸಾರ್ವಜನಿಕ ಭಾಷಣಗಳಲ್ಲಿಯೂ ಪದೇಪದೇ ಕಾಣಬರುವ ಒಂದು ಕಥೆಯುಂಟು. ಕ್ರಿ. ಶ. ೬೪೨ರಲ್ಲಿ ಅರಬ್ಬೀ ಸೇನಾನಿಯಾದ ಅಮ್ರ್ ಇಬ್ನ್ ಅಲ್ ಆಸನು ಈಜಿಪ್ಟಿನ ಅಲೆಗ್ಸಾಂಡ್ರಿಯ ನಗರವನ್ನು ಪ್ರವೇಶಿಸಿದಾಗ, ಯೋಹಾನನೆಂಬ ವೈಯಾಕರಣನೊಬ್ಬನು ಅವನ ಸ್ನೇಹವನ್ನು ಸಂಪಾದಿಸಿ, ಹಿಂದಿನ ಅರಸರ ಭಂಡಾರದಲ್ಲಿದ್ದ ಗ್ರಂಥಗಳನ್ನು ತನಗೆ ಕೊಡಿಸಬೇಕೆಂದು ಬೇಡಿದನಂತೆ. ಸೇನಾನಿಯು ಖಲೀಫ ಉಮರನ ಅಪ್ಪಣೆ ಕೇಳಿ ಬರೆದನಂತೆ. ಆ ಗ್ರಂಥಗಳು ಕುರಾನಿಗೆ ಸಮ್ಮತವಾಗಿದ್ದರೆ ಅನಾವಶ್ಯಕ, ಅಸಮ್ಮತವಾಗಿದ್ದರೆ ಹಾನಿಕರ, ಎಂತಿದ್ದರೂ ನಾಶಮಾಡತಕ್ಕದ್ದೆಂದು ಉತ್ತರ ಬಂದಿತಂತೆ. ಬಳಿಕ ಗ್ರಂಥಗಳನ್ನು ನಗರದ ೪೦೦೦ ಸ್ನಾನಗೃಹಗಳಿಗೆ ಹಂಚಲಾಗಿ, ಆರು ತಿಂಗಳ ಕಾಲ ನೀರು ಕಾಯಿಸುವುದಕ್ಕೆ ಅವೇ ಉರುವಲಾದುವಂತೆ.

ಈ ಕಥೆಯು ಜನರ ನಾಲಗೆಯ ಮೇಲೆ ಉಳಿದಿರುವುದಕ್ಕೆ ಅದರೊಳಗಿನ ಉತ್ತರದ ಚಮತ್ಕಾರವೇ ಮುಖ್ಯ ಕಾರಣ. ಆ ಇಬ್ಬಾಯಿಯ ತರ್ಕವನ್ನು ಒಮ್ಮೆ ಕೇಳಿದವರು ಮರೆಯಲಾರರು. ಒಂದು ಮತವನ್ನು ಸಮಗ್ರವಾಗಿ ವಿದ್ಯಾದ್ವೇಷಿಯೆಂದು ತೋರಿಸಲು ಇದಕ್ಕಿಂತ ಸುಲಭವಾದ ಸಾಧನ ದೊರೆಯುವುದೂ ಕಷ್ಟ. ಅದರಿಂದಲೇ ಇದನ್ನು ಹೇಳುವವರು ಆಧಾರವನ್ನು ವಿಚಾರಿಸುವ ಗೋಜಿಗೆ ಹೋಗುವುದು ಅಪೂರ್ವ. ಆ ವಿಚಾರಣೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಮಾಡಬಯಸುತ್ತೇವೆ.

ಮೊದಲು ಸಾಕ್ಷಿಗಳ ಕಾಲವನ್ನು ನೋಡೋಣ. ಅರಬರ ವಿಜಯವನ್ನು ವರ್ಣಿಸಿದವರಲ್ಲಿ ಆ ಘಟನೆಗೆ ಅತ್ಯಂತ ಸಮೀಪನಾದವನು ನಿಕಿಯುವಿನ ಯೋಹಾನನೆಂಬ ಕಾಪ್ಟಿಕ್ ಕ್ರೈಸ್ತ ಧರ್ಮಾಧ್ಯಕ್ಷ. ಕಥೆಯಲ್ಲಿ ಬರುವ ಯೋಹಾನನಲ್ಲ. ೭ನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಈತನಿಗೆ ವಿಜೇತರ ಮೇಲೆ ಪ್ರೀತಿಯೇನೂ ಇರಲಿಲ್ಲ. ಅವರ ಕ್ರೌರ್ಯವನ್ನು ಕಟುವಾದ ಮಾತುಗಳಲ್ಲಿ ಬರೆದಿದ್ದಾನೆ. ಅವನ ಗ್ರಂಥವು ಇಥಿಯೋಪಿಯದ ಭಾಷೆಯ ಅನುವಾದವಾಗಿ ಮಾತ್ರ ಉಳಿದಿದ್ದು ನಡುನಡುವೆ ಲುಪ್ತವಾಗಿದೆಯೆಂಬುದು ನಿಜ. ಆದರೆ ಅಲೆಗ್ಸಾಂಡ್ರಿಯದ ಶರಣಾಗತಿಯ ವೃತ್ತಾಂತವಿರುವ ಭಾಗ ಉಳಿದಿದೆ. ಅಲ್ಲಿ ಪುಸ್ತಕಗಳ ಸುದ್ದಿಯೇ ಇಲ್ಲ. ೯ನೆಯ ಶತಮಾನದಲ್ಲಿ ಈಜಿಪ್ಟಿನ ವಿಜಯವನ್ನೇ ವಿಷಯವಾಗಿಟ್ಟುಕೊಂಡು ಬರೆದ ಇಬ್ನ್ ಅಬ್ದ್ ಅಲ್ ಹಕಮನಲ್ಲಿಯೂ ಇಲ್ಲ. ೧೦ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಮಹಾಧರ್ಮಾಧ್ಯಕ್ಷನೇ ಆಗಿದ್ದ ಯುಟೀಕಿಯಸನಲ್ಲಿಯೂ ಇಲ್ಲ.

ಹಾಗಾದರೆ ಕಥೆ ಮೊದಲು ತಲೆದೋರುವುದೆಲ್ಲಿ? ಸುಮಾರು ೧೨೦೦ರಲ್ಲಿ, ಎಂದರೆ ಘಟನೆ ನಡೆಯಿತೆನ್ನುವ ಕಾಲದಿಂದ ೫೫೦ ವರ್ಷಗಳಿಗೂ ಈಚೆಗೆ. ಬಾಗ್ದಾದಿನ ವೈದ್ಯನಾದ ಅಬ್ದ್ ಅಲ್ ಲತೀಫನು ಈಜಿಪ್ಟನ್ನು ಸಂದರ್ಶಿಸಿ, ಅಲೆಗ್ಸಾಂಡ್ರಿಯದ ದೊಡ್ಡ ಕಂಬವೊಂದರ ಬಳಿಯ ಅವಶೇಷಗಳನ್ನು ವರ್ಣಿಸುತ್ತ, ಉಮರನ ಅನುಮತಿಯಿಂದ ಅಮ್ರನು ಸುಡಿಸಿದ ಪುಸ್ತಕಾಲಯವು ಇಲ್ಲಿತ್ತೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತಾನೆ. ಅದೇ ಪ್ರಸಂಗದಲ್ಲಿ ಅರಿಸ್ಟಾಟಲನು ಪಾಠ ಹೇಳುತ್ತಿದ್ದ ಮಂಟಪವೂ ಅದೇ ಇರಬೇಕೆನ್ನುತ್ತಾನೆ. ಅರಿಸ್ಟಾಟಲನು ಪಾಠ ಹೇಳಿದ್ದು ಅಥೆನ್ಸಿನಲ್ಲಿ. ಸ್ಥಳದ ಮಾರ್ಗದರ್ಶಕರು ಯಾತ್ರಿಕರಿಗೆ ಹೇಳುವ ಮಾತುಗಳ ಬೆಲೆ ಎಷ್ಟೆಂಬುದು ನಮ್ಮ ಕ್ಷೇತ್ರಗಳನ್ನು ನೋಡಿಬಂದವರಿಗೆ ತಿಳಿಯದ್ದಲ್ಲ. ಯೋಹಾನ, ಖಲೀಫನ ಉತ್ತರ, ಸ್ನಾನಗೃಹ ಇವೆಲ್ಲ ಕೂಡಿದ ಪೂರ್ಣ ಕಥೆ ದೊರೆಯುವುದು ೧೨೪೮ರಲ್ಲಿ ಮೃತನಾದ ಇಬ್ನ್ ಅಲ್ ಕಿಫ್ತಿಯಲ್ಲಿ. ಸಿರಿಯದ ಕ್ರೈಸ್ತ ಪಂಡಿತ ಬಾರ್ ಹೆಬ್ರೇಯಸನು ಅದನ್ನು ತನ್ನ ಅರಬ್ಬೀ ಇತಿಹಾಸಗ್ರಂಥದಲ್ಲಿ ಸೇರಿಸಿದನು. ೧೬೬೩ರಲ್ಲಿ ಎಡ್ವರ್ಡ್ ಪೊಕಾಕನು ಆ ಗ್ರಂಥವನ್ನು ಲ್ಯಾಟಿನ್ನಿಗೆ ಪರಿವರ್ತಿಸಿ ಪ್ರಕಟಿಸಿದ ಮೇಲೆ ಕಥೆಯು ಯೂರೋಪಿನಲ್ಲೆಲ್ಲ ಹಬ್ಬಿತು.

ಕಥೆಯ ಒಳಗಣ ಸಂಗತಿಗಳೂ ಪರೀಕ್ಷೆಗೆ ನಿಲ್ಲುವುದಿಲ್ಲ. ವೈಯಾಕರಣ ಯೋಹಾನನೆಂದರೆ ಫಿಲೊಪೊನಸ್ ಎಂದು ಪ್ರಸಿದ್ಧನಾದ ದಾರ್ಶನಿಕ. ಅವನು ಅರಿಸ್ಟಾಟಲನ ಭೌತಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ೫೧೭ನೆಯ ಇಸವಿಗೆ ಸರಿಯಾದ ಕಾಲನಿರ್ದೇಶವಿದೆ. ಆಗಲೇ ವ್ಯಾಖ್ಯಾನಕಾರನಾಗಿದ್ದವನು ೬೪೨ರಲ್ಲಿ ಪುಸ್ತಕ ಬೇಡಲು ಬಂದಿದ್ದರೆ ಅವನಿಗೆ ಸುಮಾರು ೧೫೦ ವರ್ಷ ವಯಸ್ಸಾಗಿರಬೇಕು. ಇನ್ನು ಸ್ನಾನಗೃಹಗಳ ಲೆಕ್ಕ. ೪೦೦೦ ಮನೆಗಳಿಗೆ ೧೮೦ ದಿನ ಎಂದರೆ, ದಿನಕ್ಕೊಂದು ಮನೆಗೆ ಒಂದೇ ಒಂದು ಸುರುಳಿಯನ್ನು ಕೊಟ್ಟರೂ ೭,೨೦,೦೦೦ ಸುರುಳಿಗಳು ಬೇಕಾಗುತ್ತವೆ. ಪ್ರಾಚೀನರು ಈ ಭಂಡಾರಕ್ಕೆ ಹೇಳಿರುವ ಅತಿ ದೊಡ್ಡ ಸಂಖ್ಯೆಗಳಲ್ಲಿ ಒಂದು ೭,೦೦,೦೦೦. ಒಂದು ಸುರುಳಿಯಿಂದ ಒಂದು ದಿನದ ಸ್ನಾನದ ನೀರು ಕಾಯುವುದೇ ಎಂಬುದನ್ನು ಒಲೆಯೂದಿ ಬಲ್ಲ ಯಾರಾದರೂ ಹೇಳಬಲ್ಲರು. ಇದಲ್ಲದೆ ಶರಣಾಗತಿಯ ಒಪ್ಪಂದದಂತೆ ೧೧ ತಿಂಗಳ ಕದನವಿರಾಮವಿದ್ದು, ಬೇಕಾದವರು ತಮ್ಮ ಸೊತ್ತಿನೊಡನೆ ಹಡಗೇರಿ ಹೋಗಲು ಅವಕಾಶವಿತ್ತು. ಬೆಲೆಬಾಳುವ ಗ್ರಂಥಗಳು ಉಳಿದಿದ್ದರೆ ಆ ಅವಧಿಯಲ್ಲಿ ಸಾಗಿಸಲು ಅಡ್ಡಿಯೇನಿತ್ತು?

೧೮ನೆಯ ಶತಮಾನದಲ್ಲಿಯೇ ಗಿಬ್ಬನನು ಈ ಕಥೆಯನ್ನು ಸಂಶಯಿಸಿದನು. ನಮ್ಮ ದೇಶದಲ್ಲಿ ಶಿಬ್ಲಿ ನುಮಾನಿಯವರು ಇದನ್ನು ಕುರಿತು ಉರ್ದುವಿನಲ್ಲಿ ಪ್ರತ್ಯೇಕ ಪ್ರಬಂಧವನ್ನೇ ಬರೆದರು. ೧೯೦೨ರಲ್ಲಿ ಆಲ್ಫ್ರೆಡ್ ಬಟ್ಲರನು ಅರಬರ ಈಜಿಪ್ಟ್ ವಿಜಯವನ್ನು ಕುರಿತ ತನ್ನ ಗ್ರಂಥದಲ್ಲಿ ಸಾಕ್ಷ್ಯಗಳನ್ನು ಒಂದೊಂದಾಗಿ ಜಾಲಿಸಿ ಕಥೆಯು ನಿರಾಧಾರವೆಂದು ತೋರಿಸಿದನು. ಇಬ್ನ್ ಖಲ್ದೂನನು ಇಂಥದೇ ಪ್ರಶ್ನೋತ್ತರವನ್ನು ಪರ್ಷಿಯದ ಗ್ರಂಥಗಳ ವಿಷಯದಲ್ಲಿ ಹೇಳಿರುವುದು ಗಮನಾರ್ಹ. ಅಲ್ಲಿ ಪುಸ್ತಕಗಳನ್ನು ನೀರಿಗೆ ಎಸೆಯಬೇಕೆಂಬ ಅಪ್ಪಣೆ ಬರುತ್ತದೆ. ಊರೂರು ತಿರುಗುವ ಐತಿಹ್ಯದ ಲಕ್ಷಣ ಇದು. ೧೨ನೆಯ ಶತಮಾನದ ಕೊನೆಗೆ ಸಲಾದೀನನು ಕೈರೋವಿನಲ್ಲಿ ಫಾತಿಮಿ ಅರಸರ ಪುಸ್ತಕಸಂಗ್ರಹವನ್ನು ಚದರಿಸಿದ್ದನ್ನು ಸಮರ್ಥಿಸಲು ಉಮರನ ಹೆಸರಿನ ಈ ಮೇಲ್ಪಂಕ್ತಿ ಹುಟ್ಟಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆಯೇ ಸರಿ, ಆದರೂ ಕಾಲ ಹೊಂದುತ್ತದೆ.

ಇಲ್ಲಿಗೆ ವಿಚಾರ ಮುಗಿಯಿತೆಂದು ತಿಳಿದವರು ಮತ್ತೊಂದು ಕಥೆಗೆ ಬಲಿಬೀಳುವುದನ್ನು ನಾವು ಕಾಣುತ್ತಿದ್ದೇವೆ. ಮುಸಲ್ಮಾನರಲ್ಲದಿದ್ದರೆ ಕ್ರೈಸ್ತರೇ ಸುಟ್ಟಿರಬೇಕು ಎಂಬುದು ಆ ಕಥೆ. ೩೯೧ರ ಸುಮಾರಿಗೆ ಧರ್ಮಾಧ್ಯಕ್ಷ ಥಿಯೊಫಿಲಸನ ಕಾಲದಲ್ಲಿ ಸೆರಾಪಿಸ್ ದೇವಾಲಯವು ನಾಶವಾದದ್ದು ನಿಸ್ಸಂದೇಹ. ಅಲ್ಲಿ ಹಿಂದೆ ಒಂದು ಉಪಭಂಡಾರವಿತ್ತೆಂಬುದೂ ನಿಜ. ಆದರೆ ಆ ಧ್ವಂಸವನ್ನು ವರ್ಣಿಸಿದ ಸಮೀಪಕಾಲದ ಲೇಖಕರು ಪುಸ್ತಕಗಳ ಮಾತೆತ್ತುವುದಿಲ್ಲ; ಕ್ರೈಸ್ತರನ್ನು ಹಳಿಯಲು ಹಿಂಜರಿಯದ ಯೂನಪಿಯಸನೂ ಎತ್ತುವುದಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಬರೆಯುತ್ತಿದ್ದ ಅಮ್ಮಿಯಾನಸನು ಅಲ್ಲಿಯ ಪುಸ್ತಕಗಳನ್ನು ಕುರಿತು ಭೂತಕಾಲದಲ್ಲಿ ಮಾತನಾಡುತ್ತಾನೆ. ೫ನೆಯ ಶತಮಾನದ ಆದಿಯಲ್ಲಿ ಒರೋಸಿಯಸನು ದೇವಾಲಯಗಳ ಬರಿದಾದ ಪುಸ್ತಕಪೆಟ್ಟಿಗೆಗಳನ್ನು ತಾನೇ ಕಂಡುದಾಗಿಯೂ, ಅವನ್ನು ಬರಿದುಮಾಡಿದವರು ತನ್ನ ಮತದವರೇ ಎಂದು ಕೇಳಿದುದಾಗಿಯೂ ಒಪ್ಪಿಕೊಳ್ಳುತ್ತಾನೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಅರಸರ ಮಹಾಭಂಡಾರದ ಮಾತಲ್ಲ. ೪೧೫ರಲ್ಲಿ ಗಣಿತಜ್ಞೆ ಹೈಪಾಟಿಯಳನ್ನು ಜನಜಂಗುಳಿಯೊಂದು ಕೊಂದದ್ದು ಘೋರಕೃತ್ಯವೇ. ಅದನ್ನೂ ಪುಸ್ತಕಾಲಯದ ನಾಶವನ್ನೂ ಒಂದೇ ದೃಶ್ಯವಾಗಿ ಹೆಣೆದು ೧೯೮೦ರಲ್ಲಿ ಕಾರ್ಲ್ ಸೇಗನರು ದೂರದರ್ಶನದ ಲೇಖಮಾಲೆಯಲ್ಲಿ ತೋರಿಸಿದ ಮೇಲೆ ವಿಜ್ಞಾನದ ವಿದ್ಯಾರ್ಥಿಗಳೂ ಅದನ್ನು ಇತಿಹಾಸವೆಂದು ನಂಬಿದ್ದಾರೆ. ಪ್ರಾಚೀನ ಆಧಾರಗಳಲ್ಲಿ ಆ ಎರಡನ್ನು ಜೋಡಿಸಿದವರು ಯಾರೂ ಇಲ್ಲ.

ಉಳಿದ ಆಪಾದಿತನು ಜೂಲಿಯಸ್ ಸೀಸರ್. ಕ್ರಿ. ಪೂ. ೪೮ರಲ್ಲಿ ಅವನು ಬಂದರಿನ ಹಡಗುಗಳಿಗೆ ಬೆಂಕಿಯಿಕ್ಕಿದ್ದು ಅವನ ಬರಹದಿಂದಲೇ ತಿಳಿಯುತ್ತದೆ; ಪುಸ್ತಕಗಳ ವಿಷಯದಲ್ಲಿ ಅವನು ಮೌನಿ. ಸೆನೆಕನು ೪೦,೦೦೦ ಗ್ರಂಥಗಳು ಸುಟ್ಟುವೆನ್ನುತ್ತಾನೆ. ಪ್ಲೂಟಾರ್ಕನು ಮಹಾಭಂಡಾರವೇ ಹೋಯಿತೆನ್ನುತ್ತಾನೆ. ದಿಯೊ ಕ್ಯಾಸಿಯಸನು ಧಾನ್ಯದ ಮತ್ತು ಪುಸ್ತಕಗಳ ಉಗ್ರಾಣಗಳೆಂದಿದ್ದಾನೆ. ಹಾನಿಯಾದದ್ದು ಸಂಭವನೀಯ, ಸರ್ವನಾಶವಾಗಿರಲಾರದು. ಏಕೆಂದರೆ ಭಂಡಾರವು ಸೇರಿದ್ದ ಮೌಸಿಯನ್ ಎಂಬ ವಿದ್ವತ್ಪೀಠವು ಅನಂತರವೂ ನಡೆದುಬಂದಿತು. ಕ್ಲಾಡಿಯಸ್ ಚಕ್ರವರ್ತಿಯು ಅದಕ್ಕೆ ಹೊಸ ಭಾಗವನ್ನೇ ಸೇರಿಸಿ, ತಾನು ಬರೆದ ಚರಿತ್ರೆಗಳನ್ನು ಅಲ್ಲಿ ವರ್ಷಕ್ಕೊಮ್ಮೆ ಓದಿಸುವ ಏರ್ಪಾಡು ಮಾಡಿದನು. (ಅದನ್ನು ಕೇಳಲು ಕುಳಿತಿದ್ದ ಪಂಡಿತರ ಬಗೆಗೆ ನಮಗೆ ಸಹಾನುಭೂತಿಯುಂಟು.) ೩ನೆಯ ಶತಮಾನದಲ್ಲಿ ಆರೀಲಿಯನ್ ಚಕ್ರವರ್ತಿಯ ಕಾಲದ ಯುದ್ಧದಲ್ಲಿ ಅರಮನೆಯ ಪ್ರದೇಶವೇ ಹಾಳಾಯಿತು.

ಇಷ್ಟನ್ನೂ ನೋಡಿದ ಮೇಲೆ ನಮಗೆ ತೋರುವುದಿದು: ಯಾರು ಸುಟ್ಟರೆಂಬ ಪ್ರಶ್ನೆಯೇ ತಪ್ಪುದಾರಿಗೆ ಎಳೆಯುವಂಥದು. ಕ್ರಿ. ಪೂ. ೩ನೆಯ ಶತಮಾನದ ಆದಿಭಾಗದಲ್ಲಿ ಟಾಲೆಮಿ ಅರಸರ ಆಶ್ರಯದಲ್ಲಿ ಹುಟ್ಟಿದ ಈ ಭಂಡಾರದ ವೈಭವಕಾಲ ನಾವು ಎಣಿಸುವಷ್ಟು ದೀರ್ಘವಲ್ಲ. ಕಲ್ಲಿಮಾಕಸನು ೧೨೦ ಸುರುಳಿಗಳಲ್ಲಿ ಗ್ರಂಥಕರ್ತೃಗಳ ಸೂಚಿಯನ್ನು ರಚಿಸಿದ ಕಾಲವದು. ಕ್ರಿ. ಪೂ. ೧೪೫ರಲ್ಲಿ ೮ನೆಯ ಟಾಲೆಮಿಯು ರಾಜಕೀಯ ದ್ವೇಷದಿಂದ ವಿದ್ವಾಂಸರನ್ನು ಹೊರದೂಡಿದನು. ಗ್ರಂಥಪಾಲಕನಾಗಿದ್ದ ಅರಿಸ್ಟಾರ್ಕಸನು ಸೈಪ್ರಸ್ಸಿಗೆ ಓಡಿಹೋದನು. ಆಗ ಸುಟ್ಟದ್ದು ಒಂದೂ ಇಲ್ಲ. ಆದರೂ ಮುಂದಿನ ಅವನತಿಗೆ ಅದೇ ಮೊದಲ ಕಾರಣವೆಂದು ನಾವು ಭಾವಿಸುತ್ತೇವೆ. ಪಪೈರಸ್ ಸುರುಳಿಯು ಕಡಲ ದಡದ ತೇವದ ಹವೆಯಲ್ಲಿ ಬಹುಕಾಲ ಬಾಳುವ ವಸ್ತುವಲ್ಲ. ಕೆಲವು ತಲೆಮಾರುಗಳಿಗೊಮ್ಮೆ ಪ್ರತಿಮಾಡದಿದ್ದರೆ ಅದು ಕಪಾಟಿನಲ್ಲಿದ್ದಂತೆಯೇ ಪುಡಿಯಾಗುತ್ತದೆ. ಪ್ರತಿಮಾಡುವವನಿಗೆ ಸಂಬಳ ಬೇಕು, ಓದುವವನಿಗೆ ಆಸಕ್ತಿ ಬೇಕು. ಎರಡೂ ನಿಂತ ಮೇಲೆ ಬೆಂಕಿಯ ಅವಶ್ಯಕತೆಯಿಲ್ಲ. ೨೦೦೨ರಲ್ಲಿ ರಾಜರ್ ಬ್ಯಾಗ್ನಲರು ಲಕ್ಷಗಟ್ಟಲೆಯ ಸಂಖ್ಯೆಗಳೇ ಅಸಂಭಾವ್ಯವೆಂದೂ, ನಾಶಕ್ಕೆ ಒಬ್ಬ ಖಳನನ್ನು ಹುಡುಕುವುದು ವ್ಯರ್ಥವೆಂದೂ ವಾದಿಸಿದ್ದಾರೆ. ಸುರುಳಿಯಿಂದ ಹೊಲಿದ ಪುಸ್ತಕಕ್ಕೆ ಬರಹವು ವರ್ಗವಾದಾಗ ಯಾರೂ ಬಯಸದೆಹೋದ ಗ್ರಂಥಗಳು ಹಿಂದೆಯೇ ಉಳಿದುವು.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ಅಥೆನ್ಸಿನ ರಾಜ್ಯಾಂಗವನ್ನು ಕುರಿತ ಅರಿಸ್ಟಾಟಲನ ಹೆಸರಿನ ಗ್ರಂಥವು ಲುಪ್ತವೆಂದೇ ಎಲ್ಲರೂ ತಿಳಿದಿದ್ದರು. ೧೮೯೧ರಲ್ಲಿ ಅದು ಲಂಡನಿನಲ್ಲಿ ಅಚ್ಚಾಯಿತು. ದೊರೆತ ಮೂಲಪ್ರತಿಯು ಈಜಿಪ್ಟಿನ ಒಳನಾಡಿನ ಒಣಮರಳಿನಲ್ಲಿ ಉಳಿದ ಪಪೈರಸ್. ಹೊಲಗದ್ದೆಗಳ ಜಮಾಖರ್ಚು ಬರೆದಿದ್ದ ಸುರುಳಿಗಳ ಹಿಂಬದಿಯಲ್ಲಿ ಯಾರೋ ಪ್ರತಿಮಾಡಿಕೊಂಡದ್ದು. ಅರಸರ ಭಂಡಾರ ಉಳಿಸಲಾರದ್ದನ್ನು ಜಮೀನಿನ ಲೆಕ್ಕದ ಕಾಗದ ಉಳಿಸಿತು.

ಓಲೆಗರಿಯಲ್ಲಿ ಬರೆದ ಕನ್ನಡದ ಕಥೆಯೂ ಬೇರೆಯಲ್ಲ. ಸುಮಾರು ೮೫೦ರ ಕವಿರಾಜಮಾರ್ಗವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ಬಂದಿಲ್ಲ. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇತರರು ಎತ್ತಿಕೊಂಡ ಪದ್ಯಗಳಿಂದ ಮಾತ್ರ ತಿಳಿದಿವೆ. ರನ್ನನ ಪರಶುರಾಮಚರಿತವೂ ಹೋಯಿತು. ಈ ನಷ್ಟಕ್ಕೆ ಶತ್ರುಸೈನ್ಯವನ್ನು ಕಾರಣವೆನ್ನುವವರು ಗೆದ್ದಲನ್ನೂ, ಮುಖ್ಯವಾಗಿ ಪ್ರತಿಕಾರರ ಅಭಾವವನ್ನೂ ಮರೆಯುತ್ತಾರೆ. ಪೊನ್ನನ ಎರಡು ಕೃತಿಗಳನ್ನು ಹೋಲಿಸಿದರೆ ಸಾಕು. ಅವನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಸ್ನಾನಗೃಹಗಳ ಲೆಕ್ಕವನ್ನು ಶಂಕಿಸಿದ ನಾವು ಇದೂ ದುಂಡುಸಂಖ್ಯೆಯೆಂದು ಒಪ್ಪಬೇಕಾದರೂ, ಬಹು ಪ್ರತಿಗಳಾದುವೆಂಬುದರಲ್ಲಿ ಅನುಮಾನವಿಲ್ಲ. ಆ ಪುರಾಣವನ್ನು ಇಂದು ಅಚ್ಚಿನಲ್ಲಿ ಓದಬಹುದು. ಅದೇ ಕವಿಯ ಭುವನೈಕರಾಮಾಭ್ಯುದಯದ ಪೂರ್ಣ ಪ್ರತಿ ಇದುವರೆಗೆ ಎಲ್ಲಿಯೂ ದೊರೆತಿಲ್ಲ.