ಕುದುರೆ ಕುಂಟಿದರೆ ಕೈ ಮೊದಲು ಗೊರಸಿಗೆ ಹೋಗಲಿ

ಮೈಸೂರಿನ ಟಾಂಗಾ ನಿಲ್ದಾಣವಿರಲಿ, ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯಿರಲಿ, ಕುದುರೆ ಕುಂಟತೊಡಗಿತೆಂದರೆ ಸುತ್ತ ನಿಂತವರೆಲ್ಲ ಒಂದೊಂದು ಮಾತು ಹೇಳುತ್ತಾರೆ. ಭುಜ ಹಿಡಿದಿದೆ, ಎಣ್ಣೆ ತಿಕ್ಕಿ, ನಾಲ್ಕು ಹೆಜ್ಜೆ ನಡೆಸಿ, ಬರೆ ಹಾಕಿಸಿ. ಪ್ರಾಣಿಯ ಮೇಲಿನ ಮಮತೆಯಿಂದಲೇ ಹೇಳುತ್ತಾರೆ, ನಿಜ. ಆದರೂ ಇವುಗಳಲ್ಲಿ ಹಲವು ನೋವನ್ನು ಹೆಚ್ಚಿಸುತ್ತವೆ, ಕೆಲವು ಜೀವಕ್ಕೇ ಎರವಾಗುತ್ತವೆ. ನೋವು ಎಲ್ಲಿದೆ ಎಂದು ಹುಡುಕುವ ಕೆಲಸ ದಿನಾ ಮೇವು ಹಾಕಿ ಮೈ ತಿಕ್ಕುವವರಿಂದಲೇ ಶುರುವಾಗಬೇಕು. ಡಾಕ್ಟರು ಬರುವ ಮೊದಲು ಕುದುರೆಯ ಹತ್ತಿರ ಇರುವವರು ಅವರೇ.

“ಮುಂಗಾಲು ಕುಂಟಿದರೆ ಭುಜ ಹಿಡಿದಿದೆ ಎಂದರ್ಥ”

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು. ಕುದುರೆಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಬೀಳುವುದು ಮುಂಗಾಲುಗಳ ಮೇಲೆ. ಮುಂಗಾಲಿನ ಕುಂಟಿಗೆ ಕಾರಣ ಬಹುಪಾಲು ಗೊರಸಿನಲ್ಲೇ ಇರುತ್ತದೆ, ಭುಜದಲ್ಲಿ ತೀರ ಅಪರೂಪ. ಗೊರಸಿನಲ್ಲಿ ಕೀವು ತುಂಬಿರುವಾಗ ಭುಜಕ್ಕೆ ಎಣ್ಣೆ ತಿಕ್ಕುತ್ತ ಕೂತರೆ ಅಷ್ಟು ದಿನವೂ ಪ್ರಾಣಿ ಸಂಕಟಪಡುತ್ತದೆ.

ಯಾವ ಕಾಲು ಎಂಬುದರಲ್ಲೇ ಹಲವರು ತಪ್ಪುತ್ತಾರೆ. ಗಟ್ಟಿಯಾದ ಸಮನೆಲದ ಮೇಲೆ, ಹಗ್ಗ ಸಡಿಲವಾಗಿ ಹಿಡಿದು, ಯಾರಾದರೂ ಕುದುರೆಯನ್ನು ನಿಧಾನ ಓಟದಲ್ಲಿ ಕರೆದುಕೊಂಡು ಹೋಗಲಿ. ನಡೆಯುವಾಗಲೇ ಕುಂಟು ಎದ್ದು ಕಾಣುತ್ತಿದ್ದರೆ ಓಡಿಸುವುದು ಬೇಡ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೇಳುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ಕೆಳಗಿಳಿಯುತ್ತದೆ. ತಲೆ ಬಾಗಿದ ಕಡೆಯೇ ನೋವು ಎಂದುಕೊಂಡರೆ ತಪ್ಪು ಕಾಲಿಗೆ ಉಪಚಾರ ನಡೆಯುತ್ತದೆ. ಹಿಂಗಾಲಿನ ಕುಂಟನ್ನು ಹಿಂದಿನಿಂದ ನೋಡಬೇಕು. ನೋವಿರುವ ಕಡೆಯ ಸೊಂಟ ಹೆಚ್ಚು ಏರಿಳಿಯುತ್ತದೆ.

ಆಮೇಲೆ ಕಾಲೆತ್ತಿ, ಗೊರಸಿನ ಸಂದಿಯ ಮಣ್ಣು, ಲದ್ದಿ ಕೆರೆದು ತೆಗೆಯಿರಿ. ಕಲ್ಲು, ಮೊಳೆ, ಸೀಳು ಇದೆಯೇ ನೋಡಿ. ಕಪ್ಪಗೆ ಕೊಳೆತು ನಾರುತ್ತಿದೆಯೇ ಮೂಸಿ ನೋಡಿ. ಅಂಗೈಯಿಟ್ಟು ಎರಡೂ ಗೊರಸುಗಳ ಬಿಸಿ ಹೋಲಿಸಿ. ಗೊರಸಿನ ಮೇಲಿನ ಗಂಟಿನ ಹಿಂಭಾಗದಲ್ಲಿ, ಎರಡೂ ಪಕ್ಕಕ್ಕೆ, ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಅದನ್ನು ಹುಡುಕಲೇ ತಡಕಾಡಬೇಕು. ಗೊರಸಿನೊಳಗೆ ಉರಿಯೂತವಿದ್ದರೆ ಬೆರಳಿಗೆ ಹೊಡೆದಂತೆ ಬಡಿಯುತ್ತದೆ. ಕುದುರೆ ಚೆನ್ನಾಗಿರುವ ದಿನಗಳಲ್ಲೇ ಇದನ್ನು ಮುಟ್ಟಿ ರೂಢಿ ಮಾಡಿಕೊಂಡವರಿಗೆ ಕಷ್ಟಕಾಲದಲ್ಲಿ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

“ನಿನ್ನೆ ಸರಿಯಿತ್ತು, ಇವತ್ತು ಕಾಲೇ ಊರುತ್ತಿಲ್ಲ, ಮೂಳೆ ಮುರಿದಿದೆ”

ಮುರಿದಿರಲೂಬಹುದು. ಹಾಗಾಗಿ ಕದಲಿಸದೆ ಡಾಕ್ಟರನ್ನು ಕರೆಸಿ. ಆದರೆ ಇಂಥ ದಿಢೀರ್ ಕುಂಟಿಗೆ ಬಹಳ ಸಾಮಾನ್ಯವಾದ ಕಾರಣ ಗೊರಸಿನೊಳಗೆ ಕೀವು ಕಟ್ಟುವುದು. ಗೊರಸಿನ ಗಟ್ಟಿ ಗೋಡೆ ಊದಲು ಬಿಡುವುದಿಲ್ಲ, ಒತ್ತಡವೆಲ್ಲ ಒಳಗೇ ಉಳಿದು ವಿಪರೀತ ನೋಯುತ್ತದೆ. ಡಾಕ್ಟರು ಸರಿಯಾದ ಜಾಗದಲ್ಲಿ ಸಣ್ಣ ದಾರಿ ಮಾಡಿ ಕೀವು ಹೊರಬಿಟ್ಟರೆ, ಮೂರು ಕಾಲಲ್ಲಿ ನಿಂತಿದ್ದ ಕುದುರೆ ಬೇಗನೆ ನಾಲ್ಕನೆಯದನ್ನೂ ಊರುತ್ತದೆ. ಚಾಕು ಹಿಡಿದು ನೀವೇ ಕೆರೆಯಲು ಹೋಗಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ತಪ್ಪದೆ ವಿಚಾರಿಸಿ. ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಲಾಳ ಕಟ್ಟಿಸಿದ ಬೆನ್ನಲ್ಲೇ ಕುಂಟಿದರೆ ಮೊಳೆ ಜೀವಭಾಗಕ್ಕೆ ತಾಗಿರಬಹುದು. ಕಟ್ಟಿದವರನ್ನೇ ಕರೆಸಿ ತೋರಿಸಿ, ಜಗಳ ಬೇಡ.

“ಮೊಳೆ ಕಂಡ ಕೂಡಲೇ ಕಿತ್ತು ಬಿಸಾಡಿ”

ಕಿತ್ತರೆ ತೂತು ಮುಚ್ಚಿಕೊಳ್ಳುತ್ತದೆ, ಮೊಳೆ ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿತ್ತೆಂದು ಹೇಳುವುದು ಕಷ್ಟವಾಗುತ್ತದೆ. ಗೊರಸಿನ ಅಡಿಯ ನಡುಭಾಗದ ಮೇಲೆ ಕೀಲೂ ಸ್ನಾಯುರಜ್ಜುವೂ ಇವೆ. ಸೋಂಕು ಅಲ್ಲಿಗೆ ಹೋದರೆ ಉಳಿಸಿಕೊಳ್ಳುವುದು ಕಷ್ಟ. ಡಾಕ್ಟರು ಬೇಗ ಬರುವಂತಿದ್ದರೆ ಮೊಳೆ ಇನ್ನೂ ಒಳಹೋಗದಂತೆ ಸುತ್ತ ದಪ್ಪ ಬಟ್ಟೆ ಕಟ್ಟಿ ಹಾಗೆಯೇ ಬಿಡಿ, ಎಕ್ಸ್‌ರೇಯಲ್ಲಿ ದಾರಿ ಕಾಣುತ್ತದೆ. ಕೀಳಲೇಬೇಕಾಗಿ ಬಂದರೆ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದು, ಜಾಗಕ್ಕೆ ಗುರುತು ಹಾಕಿ, ಮೊಳೆಯನ್ನು ಎತ್ತಿಟ್ಟುಕೊಳ್ಳಿ.

“ನಡೆಸಿದರೆ ಕಾಲು ಸಡಿಲವಾಗುತ್ತದೆ”

ಈ ಮಾತು ನನಗೆ ಅತಿ ಹೆಚ್ಚು ಭಯ ಹುಟ್ಟಿಸುತ್ತದೆ. ಕಾಳಿನ ಚೀಲ ಹರಿದು ಹೊಟ್ಟೆ ಬಿರಿಯೆ ತಿಂದ ಕುದುರೆ, ಹಬ್ಬಕ್ಕೆಂದು ಎಲ್ಲರೂ ಪ್ರೀತಿಯಿಂದ ಹುರುಳಿ, ಬೆಲ್ಲ ತಿನ್ನಿಸಿದ ಕುದುರೆ, ಮರುದಿನ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕದಲದೆ ನಿಂತುಬಿಡುತ್ತದೆ. ಎರಡೂ ಗೊರಸು ಬಿಸಿ, ನಾಡಿ ಜೋರು. ಇದು ಲ್ಯಾಮಿನೈಟಿಸ್. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ಪದರಗಳು ಬಿಡುತ್ತಿರುವ ಹೊತ್ತು ಅದು. ಆಗ ನಡೆಸಿದರೆ ಮೂಳೆ ತಿರುಗಿ ಕೆಳಕ್ಕೆ ಜಾರಬಹುದು. ಕಾಳು ನಿಲ್ಲಿಸಿ, ಮೆತ್ತನೆ ಹಾಸು ಹಾಕಿ, ಗೊರಸುಗಳನ್ನು ಐಸ್ ನೀರಿನಲ್ಲಿ ಇಡಿಸಿ. ಡಾಕ್ಟರಿಗೆ ಅದೇ ಗಳಿಗೆಯಲ್ಲಿ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

“ನೋವಿನ ಮಾತ್ರೆ ಕೊಟ್ಟು ಕೆಲಸಕ್ಕೆ ಹೂಡಬಹುದು”

ಫಿನೈಲ್‌ಬ್ಯುಟಾಜೋನ್ ಎಂಬ ಮಾತ್ರೆ ನೋವು ಮರೆಸುತ್ತದೆ, ಕಾರಣವನ್ನು ಹಾಗೇ ಬಿಡುತ್ತದೆ. ನೋವು ತಿಳಿಯದ ಕುದುರೆ ಪೆಟ್ಟಾದ ಕಾಲಿನ ಮೇಲೇ ಪೂರ್ತಿ ಭಾರ ಹಾಕುತ್ತದೆ. ಅಳತೆ ಮೀರಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಗಾಯಗೊಂಡ, ಅಶಕ್ತ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

“ಲಾಳ ಸವೆದ ಮೇಲೆ ಬದಲಿಸಿದರೆ ಸಾಕು”

ಲಾಳ ಸವೆಯದಿದ್ದರೂ ಗೊರಸು ಬೆಳೆಯುತ್ತಲೇ ಇರುತ್ತದೆ. ಮುಂದುಗಡೆ ಉದ್ದವಾದಷ್ಟೂ ಹಿಂದಿನ ಸ್ನಾಯುರಜ್ಜುಗಳ ಮೇಲೆ ಎಳೆತ ಹೆಚ್ಚು. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಮತ್ತೆ ಕಟ್ಟಿಸಬೇಕು.

“ಬರೆ ಹಾಕಿದರೆ ನರ ಗಟ್ಟಿಯಾಗುತ್ತದೆ”

ಕಾದ ಕಬ್ಬಿಣದಿಂದ ಸ್ನಾಯುರಜ್ಜು ವಾಸಿಯಾಗುವುದಿಲ್ಲ. ಸುಟ್ಟ ಗಾಯವೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಬರೆ ಹಾಕಿದ ಮೇಲೆ ಕುದುರೆಗೆ ತಿಂಗಳುಗಟ್ಟಲೆ ಬಿಡುವು ಕೊಡುತ್ತಾರಲ್ಲ, ಗುಣ ಕಾಣಿಸುವುದು ಆ ಬಿಡುವಿನಿಂದ. ಅದನ್ನು ಸುಡದೆಯೇ ಕೊಡಬಹುದು. ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಮೂರು ಸಲ 15–20 ನಿಮಿಷ ತಣ್ಣೀರು ಬಿಡಿ. ಬಾವು ಕೆಲವೇ ವಾರಗಳಲ್ಲಿ ಇಳಿದರೂ ಒಳಗಿನ ನಾರು ಕೂಡಿಕೊಳ್ಳಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕಾಗಬಹುದು. ಬಾವು ಇಳಿಯಿತೆಂದು ಜೀನು ಹಾಕಿದವರು ಅದೇ ಕಾಲನ್ನು ಮತ್ತೆ ಕೆಡಿಸಿಕೊಳ್ಳುತ್ತಾರೆ.

“ಕಾಲು ಮುರಿದರೆ ಗುಂಡು ಹೊಡೆಯುವುದೊಂದೇ ದಾರಿ”

ಎಲ್ಲ ಮುರಿತವೂ ಒಂದೇ ಬಗೆಯದಲ್ಲ. ಸಣ್ಣ ಚೂರು ಮುರಿದದ್ದು, ಮೂಳೆ ಸೀಳಿದ್ದು ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತವೆ. ದೊಡ್ಡ ಮೂಳೆ ನುಚ್ಚುನೂರಾದರೆ ನೋವಿಲ್ಲದ ಸಾವು ಕೊಡುವುದೇ ಕರುಣೆ ಎಂದು ಡಾಕ್ಟರು ಹೇಳಬಹುದು. ಆ ತೀರ್ಮಾನ ಎಕ್ಸ್‌ರೇ ನೋಡಿದ ಮೇಲಿನದು. ಅಮೆರಿಕದ ರೇಸ್ ಕುದುರೆ ಬಾರ್ಬರೋ 2006ರ ಮೇ ತಿಂಗಳಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯಾಗಿ ಮೂಳೆ ಕೂಡಿಕೊಳ್ಳತೊಡಗಿತ್ತು. ಆದರೆ ಭಾರ ಹೊತ್ತ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು, ಮುಂದೆ ಮುಂಗಾಲುಗಳಿಗೂ ಹರಡಿತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಆದ್ದರಿಂದ ಒಂದು ಕಾಲಿಗೆ ಪೆಟ್ಟಾದ ಕುದುರೆಗೆ ದಪ್ಪನೆಯ ಹಾಸು ಹಾಕಿ, ಜತೆಯ ಕಾಲಿಗೂ ಆಸರೆಯ ಪಟ್ಟಿ ಸುತ್ತಿಸಿ, ದಿನಕ್ಕೆರಡು ಸಲ ಆ ಚೆನ್ನಾಗಿರುವ ಕಾಲಿನ ನಾಡಿಯನ್ನೂ ಮುಟ್ಟಿ ನೋಡಿ.