ಹಲ್ಲಿನ ಬೇರೂ ಕ್ಷ-ಕಿರಣದ ಚಿತ್ರವೂ

ಹಲ್ಲುನೋವಿನಿಂದ ಕೆನ್ನೆಗೆ ಕೈಯಿಟ್ಟು ಕುಳಿತುಕೊಳ್ಳುವ ಬಾಲಿಕೆಯರು ನಮ್ಮ ಶಾಲೆಯಲ್ಲಿ ಇಲ್ಲದ ವರುಷವಿಲ್ಲ. ಅವರ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು. ಹುಳುಕು ಹಲ್ಲನ್ನು ಕೀಳಿಸಿಬಿಟ್ಟರೆ ಸಾಲದೆ? ಉಳಿಸುವುದಾದರೆ ನೇರವಾಗಿ ಕ್ಯಾಪನ್ನು ಹಾಕದೆ, ಮೊದಲು ಚಿತ್ರ ತೆಗೆಯಿಸಿರೆಂದು ವೈದ್ಯರು ಹೇಳುವುದೇತಕ್ಕೆ? ನಾವು ವೈದ್ಯರಲ್ಲ, ಆದರೂ ತಿಳಿದುಕೊಂಡುದನ್ನು ತಿಳಿಯಹೇಳುವುದು ಉಪಾಧ್ಯಾಯಿನಿಯರ ಕೆಲಸವಾದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುವೆವು.

ಬಾಯಲ್ಲಿ ಕಾಣುವುದು ಹಲ್ಲಿನ ಮೇಲ್ಭಾಗ ಮಾತ್ರ. ಅದಕ್ಕಿಂತ ಉದ್ದವಾದ ಬೇರು ಒಸಡಿನ ಕೆಳಗೆ ದವಡೆಯ ಎಲುಬಿನಲ್ಲಿ ಅಡಗಿರುತ್ತದೆ. ಮುಂದಿನ ಹಲ್ಲುಗಳಿಗೆ ಸಾಮಾನ್ಯವಾಗಿ ಒಂದೇ ಬೇರು. ಕೆಳದವಡೆಯ ದೊಡ್ಡ ಹಲ್ಲುಗಳಿಗೆ ಎರಡು, ಮೇಲಿನವಕ್ಕೆ ಮೂರು. ಹಲ್ಲಿನ ನಡುವೆ ನರವೂ ರಕ್ತನಾಳಗಳೂ ಕೂಡಿದ ಮೃದುವಾದ ತಿರುಳಿದ್ದು, ಅದು ಬೇರಿನೊಳಗಿನ ಕಿರಿದಾದ ನಾಳದ ಮೂಲಕ ತುದಿಯ ವರೆಗೂ ಇಳಿಯುತ್ತದೆ. ಅಸ್ತಿವಾರವನ್ನು ಪರೀಕ್ಷಿಸದೆ ಮಹಡಿಯನ್ನು ಏರಿಸುವವರುಂಟೆ? ಹಲ್ಲಿನ ವಿಷಯವೂ ಹಾಗೆಯೇ ಸರಿ.

ಕಾಣದ ಈ ಭಾಗವನ್ನು ಕಾಣಿಸಿದ್ದು ಕ್ಷ-ಕಿರಣ. 1895ನೆಯ ನವೆಂಬರ 8ರಂದು ಜರ್ಮನಿಯ ವುರ್ಟ್ಸ್‌ಬುರ್ಗಿನಲ್ಲಿ ರಂಟ್‌ಗೆನ್ ಪಂಡಿತರು ಇದನ್ನು ಕಂಡುಹಿಡಿದರು. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗಿನ ದಂತವೈದ್ಯರಾದ ಓಟೋ ವಾಲ್ಕಾಫ್ ಎಂಬವರು ತಮ್ಮ ಬಾಯಲ್ಲಿಯೇ ಫಲಕವನ್ನಿಟ್ಟುಕೊಂಡು, 25 ನಿಮಿಷ ಅಲುಗದೆ ಇದ್ದು, ಹಲ್ಲಿನ ಚಿತ್ರವನ್ನು ತೆಗೆದರು. ಈಗ ಅದಕ್ಕೆ ಒಂದು ಕ್ಷಣಕ್ಕಿಂತಲೂ ಕಡಿಮೆ ಕಾಲ ಸಾಕು. ಗಟ್ಟಿಯಾದ ವಸ್ತು ಕಿರಣವನ್ನು ತಡೆಯುವುದರಿಂದ ಎನಾಮೆಲ್ ಎಂಬ ಮೇಲಿನ ಹೊದಿಕೆ ಬೆಳ್ಳಗೆ ಕಾಣುತ್ತದೆ. ತಿರುಳೂ ಹುಳುಕೂ ಕಪ್ಪಾಗಿ ಕಾಣುತ್ತವೆ.

ಮೇಲ್ಭಾಗ ಮುರಿದ ಒಂದು ಕೆಳದವಡೆಯ ಹಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವೈದ್ಯರು ಚಿತ್ರದಲ್ಲಿ ಮೊದಲು ನೋಡುವುದು, ಹುಳುಕು ತಿರುಳಿನ ಎಷ್ಟು ಸಮೀಪಕ್ಕೆ ಬಂದಿದೆಯೆಂಬುದನ್ನು. ದೂರವಿದ್ದರೆ ಹುಳುಕನ್ನು ತೆಗೆದು ತುಂಬಿಸಿದರೆ ಸಾಕಾಗಬಹುದು. ಎರಡನೆಯದು, ಬೇರಿನ ತುದಿಯಲ್ಲಿ ಕಪ್ಪು ಕಲೆಯುಂಟೋ ಎಂಬುದು. ಇದ್ದರೆ ಅದು ಹೆಚ್ಚಾಗಿ ತಿರುಳು ಸತ್ತು ಸೋಂಕು ಎಲುಬನ್ನು ಮುಟ್ಟಿರುವುದರ ಗುರುತು. ಅದರ ಮೇಲೆ ಕ್ಯಾಪನ್ನು ಹಾಕುವುದೆಂದರೆ ಕೀವಿನ ಗಾಯವನ್ನು ಹಾಗೆಯೇ ಮುಚ್ಚಿ ಹೊಲಿದಂತೆ. ಮೂರನೆಯದು, ಬೇರನ್ನು ಹಿಡಿದಿರುವ ಎಲುಬಿನ ಎತ್ತರ. ಎಲುಬಿನೊಳಗಿರುವ ಬೇರು ಹೊರಗಿನ ಭಾಗದಷ್ಟಾದರೂ ಉದ್ದವಿಲ್ಲದಿದ್ದರೆ ಅಗಿಯುವ ಭಾರವನ್ನು ಹಲ್ಲು ಬಹುಕಾಲ ತಾಳಲಾರದು. ನಾಲ್ಕನೆಯದು, ನಾಳಗಳು ಎಷ್ಟು, ಎಲ್ಲಿ ಬಾಗಿವೆ ಎಂಬುದು. ಇವುಗಳನ್ನು ತೊಳೆದು ತುಂಬಿಸುವುದನ್ನೇ ಜನರು ರೂಟ್ ಕೆನಾಲ್ ಎನ್ನುತ್ತಾರೆ. ಒಂದು ನಾಳ ಉಳಿದುಹೋದರೂ ಸೋಂಕು ಮರಳಿ ಬರಬಹುದಾದುದರಿಂದ, ತುಂಬಿಸಿದ ಮೇಲೆ ಪುನಃ ಚಿತ್ರ ತೆಗೆದು ನೋಡುವರು.

ಇಷ್ಟಾದ ಮೇಲೆ ಕ್ಯಾಪಿನ ಮಾತು. ಅದು ಹಿಡಿದು ನಿಲ್ಲಬೇಕಾದರೆ ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರು ಎತ್ತರದ ಗಟ್ಟಿ ಗೋಡೆ ಉಳಿದಿರಬೇಕು. ಮೇಲ್ಭಾಗ ತೀರ ಕಡಿಮೆಯಾಗಿದ್ದರೆ ಬೇರಿನೊಳಗೆ ಸಣ್ಣ ಕಂಬದಂಥ ಕಡ್ಡಿಯನ್ನು ನಿಲ್ಲಿಸಿ ಅದರ ಆಧಾರದಿಂದ ಕಟ್ಟುವುದುಂಟು. ಆಗ ತುದಿಯಲ್ಲಿ ತುಂಬಿದ್ದು 4 ರಿಂದ 5 ಮಿಲಿಮೀಟರಾದರೂ ಕದಲದೆ ಉಳಿಯಬೇಕು. ಬೇರು ಬಾಗಿದೆಯೋ ತೆಳ್ಳಗಿದೆಯೋ ಎಂದು ಚಿತ್ರದಲ್ಲಿ ಅಳೆಯದೆ ಕೊರೆದರೆ ಬೇರಿನ ಗೋಡೆಯೇ ತೂತಾಗಿ, ಉಳಿಸಬಹುದಾಗಿದ್ದ ಹಲ್ಲೂ ಹೋದೀತು.

ತಂದೆತಾಯಿಗಳು ವಿಶೇಷವಾಗಿ ಗಮನಿಸತಕ್ಕ ಒಂದು ಸಂಗತಿಯುಂಟು. ಮಗುವಿನ ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದುಗಡೆ ಹುಟ್ಟುವ ದೊಡ್ಡ ಹಲ್ಲು ಶಾಶ್ವತವಾದದ್ದು. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅನೇಕರು ಅದನ್ನೂ ಹಾಲುಹಲ್ಲೆಂದು ತಿಳಿದು ಹುಳುಕನ್ನು ಅಲಕ್ಷ್ಯಮಾಡುತ್ತಾರೆ. ಅದರ ಬೇರಿನ ತುದಿ ಪೂರ್ಣವಾಗಿ ಮುಚ್ಚುವುದು ಒಂಬತ್ತು ಹತ್ತನೆಯ ವಯಸ್ಸಿನಲ್ಲಿ. ತುದಿ ಇನ್ನೂ ತೆರೆದಿದೆಯೆಂದು ಚಿತ್ರ ತೋರಿಸಿದರೆ, ವೈದ್ಯರು ಸಾಧ್ಯವಾದಷ್ಟು ತಿರುಳನ್ನು ಜೀವಂತವಾಗಿಟ್ಟು ಬೇರು ಬೆಳೆಯಲು ಬಿಡುತ್ತಾರೆ. ಕಿತ್ತುಬಿಟ್ಟರೋ, ಪಕ್ಕದ ಹಲ್ಲುಗಳು ಆ ಸಂದಿಗೆ ವಾಲಿ, ಎದುರಿನ ಹಲ್ಲು ಉದ್ದಕ್ಕೆ ಇಳಿದು, ಬಾಯಿಯ ಸಾಲೇ ಕೆಡಬಹುದು.

ಚಿತ್ರವೇ ಸರ್ವಸ್ವವೆಂದು ನಾವು ಹೇಳುವುದಿಲ್ಲ. ಅದು ನೆರಳು, ನೆರಳಿನಲ್ಲಿ ಎರಡು ಬೇರುಗಳು ಒಂದರ ಮೇಲೊಂದು ಬಿದ್ದು ಒಂದೇ ಆಗಿ ತೋರಬಹುದು. ಆದುದರಿಂದ ಓರೆಯಿಂದ ಇನ್ನೊಂದು ಚಿತ್ರ ಬೇಕಾಗುವುದು. ಕೂದಲೆಳೆಯಂಥ ಸೀಳು ಚಿತ್ರದಲ್ಲಿ ಕಾಣದೆಯೂ ಹೋಗಬಹುದು. ವೈದ್ಯರು ಹಲ್ಲನ್ನು ತಟ್ಟಿ, ತಂಪು ಮುಟ್ಟಿಸಿ, ಒಸಡಿನ ಆಳವನ್ನು ಅಳೆದು ನೋಡುವುದು ಇದಕ್ಕಾಗಿಯೇ. ಉದ್ದ, ಅಗಲ, ಆಳ ಮೂರನ್ನೂ ತೋರಿಸುವ ಯಂತ್ರಗಳು 1990ರ ದಶಕದ ಕೊನೆಯಿಂದ ಬಳಕೆಗೆ ಬಂದಿವೆ. ಅವುಗಳಲ್ಲಿ ಕಿರಣದ ಪ್ರಮಾಣ ಹೆಚ್ಚಾದುದರಿಂದ ಕಠಿಣ ಸಂದರ್ಭಗಳಿಗೆ ಮಾತ್ರ ಅವು ತಕ್ಕವು.

ಕಿರಣದ ಭಯವು ಆಧಾರವಿಲ್ಲದ್ದಲ್ಲ. ಅಮೇರಿಕದಲ್ಲಿ ಈ ಕೆಲಸವನ್ನು ಮೊದಲು ಕೈಕೊಂಡವರಲ್ಲಿ ಒಬ್ಬರಾದ ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಕೆಲ್ಸ್ ದಂತವೈದ್ಯರು ಕಿರಣದ ಹಾನಿಯಿಂದ ಬೆರಳುಗಳನ್ನೂ ಬಳಿಕ ತೋಳನ್ನೂ ಕಳೆದುಕೊಂಡು 1928ರಲ್ಲಿ ತೀರಿಕೊಂಡರು. ಅಂಥವರ ಕಷ್ಟದಿಂದಲೇ ಇಂದಿನ ಎಚ್ಚರಿಕೆಗಳು ಹುಟ್ಟಿದವು. ಇಂದು ಬಾಯಲ್ಲಿಟ್ಟು ತೆಗೆಯುವ ಒಂದು ಸಣ್ಣ ಚಿತ್ರದಿಂದ ತಗಲುವುದು ಕೆಲವೇ ಮೈಕ್ರೊಸೀವರ್ಟು. ಭೂಮಿಯಿಂದಲೂ ಆಕಾಶದಿಂದಲೂ ಸಹಜವಾಗಿ ಮನುಷ್ಯನಿಗೆ ವರುಷಕ್ಕೆ ತಗಲುವುದು ಸರಾಸರಿ 2,400. ಆದರೂ ಅಗತ್ಯವಿದ್ದಾಗ ಮಾತ್ರ ತೆಗೆಯಿಸತಕ್ಕದ್ದು. ಗರ್ಭಿಣಿಯರು ಆ ಸಂಗತಿಯನ್ನು ಮೊದಲೇ ತಿಳಿಸಬೇಕು. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಜತೆಗೆ ಒಯ್ದರೆ ಕೆಲವು ವೇಳೆ ಹೊಸದು ಬೇಡವಾಗುತ್ತದೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಇನ್ನು ಮುಂದೆ ವೈದ್ಯರು ನಿಮ್ಮ ಮಗಳ ಹಲ್ಲಿನ ಚಿತ್ರವನ್ನು ಬೆಳಕಿಗೆ ಹಿಡಿದಾಗ, ಹುಳುಕು ಎಷ್ಟು ಆಳ, ಬೇರಿನ ತುದಿ ಹೇಗಿದೆ, ಎಲುಬು ಎಷ್ಟು ಉಳಿದಿದೆ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಹಲ್ಲನ್ನು ಕೀಳುವುದೋ ಕಟ್ಟುವುದೋ ಎಂಬ ತೀರ್ಮಾನವನ್ನು ಆ ಉತ್ತರಗಳನ್ನು ಕೇಳಿದ ಮೇಲೆ ಮಾಡಿರಿ.